ಹಳೇ ಪಿಕಪ್‌ಗೆ ಹೆಡರ್ ಹಾಕೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೇ ಪಿಕಪ್ ಟ್ರಕ್ಕಿನ ಎಕ್ಸಾಸ್ಟ್ ಹೆಡರ್ ಬಗ್ಗೆನೇ ಇವೆ, ಅದಕ್ಕೇ ಎಲ್ಲಾನೂ ಒಟ್ಟಿಗೆ ತಗೊಂಡಿದೀನಿ. ಹೊಸಬರಿಗೆ ಒಂದು ಮಾತು: ಇಂಜಿನ್ ಹೆಡ್ಡಿಂದ ಸುಟ್ಟ ಗ್ಯಾಸ್ ಹೊರಗೆ ಬರೋ ಕಡೆ ಕಂಪನಿಯವರು ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್, ಅಂದ್ರೆ ಎಲ್ಲಾ ಸಿಲಿಂಡರಿನ ಹೊಗೆ ಒಟ್ಟು ಮಾಡೋ ಕೊಳವೆ, ಕೂರಿಸಿರ್ತಾರೆ. ಅದನ್ನ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಸ್ಟೀಲ್ ಪೈಪ್ ಕೊಟ್ಟು ಕೊನೆಗೆ ಎಲ್ಲಾನೂ ಒಂದು ಕಲೆಕ್ಟರಿಗೆ, ಅಂದ್ರೆ ಪೈಪುಗಳೆಲ್ಲಾ ಕೂಡೋ ದೊಡ್ಡ ಬಾಯಿಗೆ, ಸೇರಿಸಿದ್ರೆ ಅದು ಹೆಡರ್.

ಪ್ರಶ್ನೆ: ಸರ್, ನನ್ನತ್ರ 1978ರ ಶೆವರ್ಲೆ ಸಿ10 ಇದೆ. 350 ವಿ8 (350 ಕ್ಯೂಬಿಕ್ ಇಂಚು, ಎರಡು ಸಾಲಲ್ಲಿ ಎಂಟು ಸಿಲಿಂಡರು), ಆಟೋಮ್ಯಾಟಿಕ್ ಗೇರು, ನಾಲ್ಕು ಬ್ಯಾರಲ್ ಕಾರ್ಬೊರೇಟರ್, ಇಂಜಿನ್ ಒಳಗೆ ಏನೂ ಬದಲಾಯಿಸಿಲ್ಲ. ಲೋಡು ಹಾಕ್ತೀನಿ, ಆಗಾಗ ಟ್ರೈಲರ್ ಎಳೀತೀನಿ. ಕ್ಯಾಟಲಾಗ್ ನೋಡಿದ್ರೆ ಶಾರ್ಟಿ, ಲಾಂಗ್ ಟ್ಯೂಬ್, ಟ್ರೈ-ವೈ ಅಂತ ಮೂರು ಥರ ಇದೆ, ಅದ್ರಲ್ಲೂ ಪೈಪು 1 5/8 ಇಂಚು, 1 3/4 ಇಂಚು ಅಂತ ಬೇರೆ. ದೊಡ್ಡದೇ ತಗೋ, ಮುಂದೆ ಇಂಜಿನ್ ಜೋರು ಮಾಡಿಸಿದ್ರೂ ಉಪಯೋಗಕ್ಕೆ ಬರುತ್ತೆ ಅಂತಾರೆ ಗೆಳೆಯರು. ಯಾವ್ದು ತಗೊಳ್ಳಲಿ?

ಉತ್ತರ: 1 5/8 ಇಂಚಿಂದೇ ತಗೊಳ್ಳಿ. ಗೆಳೆಯರ ಮಾತು ಮುಂದೆ ಯಾವತ್ತೋ ಬರಬಹುದಾದ ಇಂಜಿನ್‌ಗೆ ಸರಿ, ಈಗ ನಿಮ್ಮ ಬಾನೆಟ್ ಕೆಳಗೆ ಇರೋ ಇಂಜಿನ್‌ಗೆ ಅಲ್ಲ. ಲೋಡು ಎಳೆಯೋ ಗಾಡಿ ಹೆಚ್ಚು ಹೊತ್ತು ಓಡೋದು 1500ರಿಂದ 3500 ಆರ್‌ಪಿಎಂ ಒಳಗೆ. ಆ ವೇಗದಲ್ಲಿ ಫ್ಯಾಕ್ಟರಿ 350 ಹೊರಗೆ ಹಾಕೋ ಗ್ಯಾಸ್ ಅಷ್ಟೇನೂ ಜಾಸ್ತಿ ಇರಲ್ಲ, ಅದನ್ನ ದೊಡ್ಡ ಪೈಪಿಗೆ ಬಿಟ್ರೆ ವೇಗ ಕಳ್ಕೊಂಡು ನಿಧಾನ ಆಗುತ್ತೆ. ಹೆಡರ್ ಕೆಲಸ ಮಾಡೋದೇ ಆ ವೇಗದ ಮೇಲೆ. ಒಂದು ಸಿಲಿಂಡರಿನ ಗ್ಯಾಸ್ ಪೈಪಲ್ಲಿ ಜೋರಾಗಿ ಹೋದ್ರೆ ಅದರ ಹಿಂದೆ ಒತ್ತಡ ಕಮ್ಮಿ ಆಗುತ್ತೆ, ಆ ಹೊತ್ತಿಗೆ ಇನ್‌ಟೇಕ್ ಮತ್ತೆ ಎಕ್ಸಾಸ್ಟ್ ವಾಲ್ವ್ ಎರಡೂ ಒಂದಿಷ್ಟು ತೆರೆದಿರ್ತವೆ, ಉಳಿದ ಹೊಗೆ ಹೊರಗೆ ಎಳ್ಕೊಂಡು ಹೋಗಿ ಹೊಸ ಮಿಶ್ರಣ ಒಳಗೆ ಬರುತ್ತೆ. ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು ಅಂತ ತುಂಬಾ ಜನ ಹೇಳ್ತಾರಲ್ಲ, ಅದು ತಪ್ಪು ತಿಳುವಳಿಕೆ, ಬ್ಯಾಕ್ ಪ್ರೆಶರ್ ಯಾವ ಇಂಜಿನ್‌ಗೂ ಬೇಡ. ದೊಡ್ಡ ಪೈಪ್ ಹಾಕಿದಾಗ ಕೆಳಗಿನ ಎಳೆತ ಹೋಗೋದು ಗ್ಯಾಸಿನ ವೇಗ ಬಿದ್ದಿದ್ದಕ್ಕೆ. 1 3/4 ಇಂಚು ಬೇಕಾಗೋದು ದೊಡ್ಡ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟು), ಒಳ್ಳೆ ಹೆಡ್ ಹಾಕಿ ಮೇಲಿನ ಆರ್‌ಪಿಎಂಗೆ ತಯಾರು ಮಾಡಿದ ಇಂಜಿನ್‌ಗೆ. ಇನ್ನೊಂದು, ಕ್ಯಾಟಲಾಗಿನ ಈ ಅಳತೆ ಪೈಪಿನ ಹೊರ ವ್ಯಾಸ, ಒಳಗಿನ ಜಾಗ ಅಲ್ಲ. ಕಲೆಕ್ಟರ್ 2 1/2 ಇಂಚು ಇದ್ರೂ ಸಾಕು, 3 ಇಂಚು ಇದ್ರೂ ತೊಂದ್ರೆ ಇಲ್ಲ.

ಈಗ ಆಕಾರ. ನಿಮ್ಮ 350ಯ ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಒಂದಾದ ಮೇಲೊಂದು ಹೊತ್ತಿ ಉರಿಯೋ ಕ್ರಮ, 1-8-4-3-6-5-7-2. ಈ ಇಂಜಿನ್ನಲ್ಲಿ ಎಡಗಡೆ ಸಾಲು 1, 3, 5, 7, ಬಲಗಡೆ 2, 4, 6, 8. ಈಗ ಆರ್ಡರ್ ಮತ್ತೆ ಓದಿ ನೋಡಿ, ಬಲಗಡೆ 8 ಆದ ತಕ್ಷಣ 4, ಎಡಗಡೆ 5 ಆದ ತಕ್ಷಣ 7, ಅಂದ್ರೆ ಒಂದೇ ಸಾಲಲ್ಲಿ ಎರಡು ಸಿಲಿಂಡರು ಬೆನ್ನುಬೆನ್ನಿಗೆ ಹೊತ್ಕೊಳ್ತವೆ. ಮ್ಯಾನಿಫೋಲ್ಡ್ ಒಳಗೆ ಅವೆರಡರ ಹೊಗೆ ಕಿರಿದಾದ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದ ಹಾಗೆ ಒಂದಕ್ಕೊಂದು ಅಡ್ಡ ಬರುತ್ತೆ. ಲಾಂಗ್ ಟ್ಯೂಬಲ್ಲಿ ಪೈಪು ಉದ್ದ ಇರೋದ್ರಿಂದ ಅವು ಸೇರೋದು ಬಹಳ ದೂರದಲ್ಲಿ, ಅಷ್ಟು ಹೊತ್ತಿಗೆ ಜಗಳ ಮುಗಿದಿರುತ್ತೆ. ಟ್ರೈ-ವೈ ಅನ್ನೋದ್ರಲ್ಲಿ ನಾಲ್ಕು ಪೈಪ್ ಮೊದಲು ಎರಡಾಗಿ ಆಮೇಲೆ ಒಂದಾಗುತ್ತೆ, ಹಾಗೆ ಜೋಡಿ ಮಾಡುವಾಗ ಬೆನ್ನುಬೆನ್ನಿಗೆ ಹೊತ್ಕೊಳ್ಳೋ ಎರಡನ್ನ ಬೇರೆ ಬೇರೆ ಜೋಡಿಗೆ ಹಾಕಬಹುದು, ಅದಕ್ಕೇ ಕೆಳಗಿನ ಮತ್ತೆ ನಡುವಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿ ಬರುತ್ತೆ. ನಿಮ್ಮ ಥರದ ಕೆಲಸದ ಗಾಡಿಗೆ ನನ್ನ ಮೊದಲ ಆಯ್ಕೆ ಟ್ರೈ-ವೈ, ನಿಮ್ಮ ಚಾಸಿಗೆ ಸರಿಯಾಗಿ ಕೂರೋದು ಸಿಗಲಿಲ್ಲ ಅಂದ್ರೆ 1 5/8 ಲಾಂಗ್ ಟ್ಯೂಬ್. ಶಾರ್ಟಿ ಕೂರಿಸೋದು ಸುಲಭ, ಹಿಂದಿನ ಪೈಪನ್ನೂ ಜಾಸ್ತಿ ಬದಲಾಯಿಸಬೇಕಾಗಿಲ್ಲ, ಆದ್ರೆ ಪೈಪುಗಳು ಹೆಡ್ ಪಕ್ಕದಲ್ಲೇ ಸೇರಿಬಿಡೋದ್ರಿಂದ ಒಳ್ಳೆ ಮ್ಯಾನಿಫೋಲ್ಡಿಗಿಂತ ದೊಡ್ಡ ವ್ಯತ್ಯಾಸ ಸಿಗಲ್ಲ.

ಆರ್ಡರ್ ಕೊಡೋ ಮುಂಚೆ ದಯವಿಟ್ಟು ಒಂದು ಸಂಜೆ ಗಾಡಿ ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿ. ಬಲಗಡೆ ಸ್ಟಾರ್ಟರ್, ಎಡಗಡೆ ಸ್ಟೀರಿಂಗ್ ಶಾಫ್ಟ್, ಆಯಿಲ್ ಫಿಲ್ಟರ್, ಬ್ರೇಕ್ ಲೈನು, ಡಿಪ್‌ಸ್ಟಿಕ್ ಟ್ಯೂಬು, ಎಲ್ಲೆಲ್ಲಿ ಹೋಗಿದೆ ಅಂತ ಫೋಟೋ ತೆಗೆದಿಟ್ಕೊಳ್ಳಿ. ಇದೇ ಗಾಡಿ ಮ್ಯಾನುಯಲ್ ಗೇರಿಂದಾದ್ರೆ ಕ್ಲಚ್ ಲಿಂಕೇಜ್ ಅಡ್ಡ ಬರುತ್ತೆ, ನಾಲ್ಕು ಚಕ್ರದ ಡ್ರೈವ್ ಇದ್ರೆ ಮುಂದಿನ ಡ್ರೈವ್ ಶಾಫ್ಟು, ಅದಕ್ಕೇ 2ಡಬ್ಲ್ಯೂಡಿ, 4ಡಬ್ಲ್ಯೂಡಿ ಎರಡಕ್ಕೂ ಹೆಡರ್ ಬೇರೆ ಬೇರೆ ಇರ್ತವೆ. ಮಾರೋರನ್ನ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಹಾರ್ಸ್ ಪವರ್ ಅಂತ ಅಲ್ಲ, ಹೆಡರ್ ಹಾಕಿದ ಮೇಲೂ ಎಂಟೂ ಪ್ಲಗ್ ಬಿಚ್ಚೋಕಾಗುತ್ತಾ, ಸ್ಟಾರ್ಟರ್ ಹೊರಗೆ ಬರುತ್ತಾ, ಅಂತ. ಹಳೇ ಗಾಡಿಯಲ್ಲಿ ಇಂಜಿನ್ ಯಾವಾಗ್ಲೋ ಬದಲಾಗಿರಬಹುದು, ಗಾಡಿ 1978 ಅಂದ ಮಾತ್ರಕ್ಕೆ ಹೆಡ್ಡೂ 1978 ಅಂತ ಇಲ್ಲ. ಹೆಡ್ ಮೇಲಿನ ಕಾಸ್ಟಿಂಗ್ ನಂಬರ್ ವಾಲ್ವ್ ಕವರ್ ಬಿಚ್ಚಿದ್ರೆ ಕಾಣುತ್ತೆ, ಬ್ಲಾಕಿನ ಮುದ್ರೆ ಬಲಗಡೆ ಹೆಡ್ಡಿನ ಮುಂದೆ ಇರೋ ಸಣ್ಣ ಸಮತಟ್ಟು ಜಾಗದಲ್ಲಿ ಇರುತ್ತೆ. ಪ್ಲಗ್ ನೇರವಾಗಿ ಕೂತಿದ್ಯೋ ಓರೆಯಾಗಿ ಕೂತಿದ್ಯೋ ಅನ್ನೋದೂ ನೋಡಿ, ಕೆಲವು ಹೆಡರ್ ಓರೆ ಪ್ಲಗ್ಗಿನ ಹೆಡ್ಡಿಗೆ ಆಗಲ್ಲ.

ಇಷ್ಟೆಲ್ಲಾ ನೋಡಿದ ಮೇಲೆ ಯಾಕೋ ರಗಳೆ ಅನ್ಸಿದ್ರೆ ಇನ್ನೊಂದು ದಾರಿ ಇದೆ. ಇದೇ ಇಂಜಿನ್ ಕುಟುಂಬಕ್ಕೆ ಹಿಂದೆ ಬರ್ತಿದ್ದ ರ‍್ಯಾಮ್ಸ್ ಹಾರ್ನ್ ಮ್ಯಾನಿಫೋಲ್ಡ್, ಬೀಡಿಂದೇ, ಟಗರಿನ ಕೊಂಬಿನ ಆಕಾರ, ಅದರಲ್ಲಿ 2 1/2 ಇಂಚು ಬಾಯಿ ಇರೋದು ಸಿಕ್ರೆ ಹಿಂದೆ ಒಳ್ಳೆ ಡ್ಯುಯಲ್ ಎಕ್ಸಾಸ್ಟ್ ಕೊಡಿಸಿ. ಫ್ಯಾಕ್ಟರಿ ಇಂಜಿನ್‌ಗೆ ಅದು ನಿಜವಾಗ್ಲೂ ಒಳ್ಳೇದು, ಗ್ಯಾಸ್ಕೆಟ್ ಕಾಟ ಕಮ್ಮಿ, ಶಬ್ದನೂ ಕಮ್ಮಿ.

ಪ್ರಶ್ನೆ: 1984ರ ಫೋರ್ಡ್ ಎಫ್-150, 300 ಇನ್‌ಲೈನ್ ಸಿಕ್ಸ್ (ಒಂದೇ ಸಾಲಲ್ಲಿ ಆರು ಸಿಲಿಂಡರು), ಕಾರ್ಬೊರೇಟರ್ ಗಾಡಿ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ. ಹೇಗೂ ಬದಲಾಯಿಸಬೇಕು, ಹೆಡರ್ ಹಾಕ್ಲಾ?

ಉತ್ತರ: ಈ ಇಂಜಿನ್‌ಗೆ ಹೆಡರ್‌ಗಿಂತ ಮೊದಲು ಫೋರ್ಡಿನದೇ ಮ್ಯಾನಿಫೋಲ್ಡ್ ಹುಡುಕಿ ಅಂತೀನಿ. 1987ರಿಂದ 1996ರ ತನಕ ಫ್ಯೂಯಲ್ ಇಂಜೆಕ್ಷನ್ 300ಗೆ ಎರಡು ತುಂಡಿನ ಮ್ಯಾನಿಫೋಲ್ಡ್ ಕೊಟ್ಟಿದ್ರು, ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಒಂದು. ಗ್ಯಾಸ್ ಸಲೀಸಾಗಿ ಹೋಗುತ್ತೆ, ಬೀಡು ಆಗಿರೋದ್ರಿಂದ ಬಾಳಿಕೆನೂ ಇದೆ. ಆದ್ರೆ ನಿಮ್ಮ ಕಾರ್ಬೊರೇಟರ್ ಗಾಡಿಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೇ ಬೋಲ್ಟ್ ಆಗಿ ಅದರ ಮೇಲೆ ಕೂತಿರುತ್ತೆ, ಆ ಶಾಖದಿಂದಲೇ ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ಆವಿ ಆಗೋದು. ಹೆಡರ್ ಹಾಕಿ, ಇಲ್ಲಾ ಈ ಎರಡು ತುಂಡಿಂದು ಹಾಕಿ, ಆ ಶಾಖ ತಪ್ಪಿಹೋಗುತ್ತೆ, ಚಳಿಯಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ತಡವರಿಸಿ ನಿಲ್ಲೋ ಹಾಗೆ ಆಗುತ್ತೆ. ಅದಕ್ಕೆ ಇನ್‌ಟೇಕ್ ಕೆಳಗೆ ಕೂಲಂಟ್ ಹರಿಯೋ ಪ್ಲೇಟ್ ಕೂರಿಸೋ ವ್ಯವಸ್ಥೆ ಇದೆ, ಅದನ್ನೂ ಸೇರಿಸಿಯೇ ಕೆಲಸದ ಲೆಕ್ಕ ಹಾಕಿ.

ಪ್ರಶ್ನೆ: ಪೇಂಟ್ ಹೊಡೆದಿರೋದು, ಸೆರಾಮಿಕ್ ಕೋಟಿಂಗ್, ಸ್ಟೇನ್‌ಲೆಸ್, ಇದ್ರಲ್ಲಿ ಯಾವ್ದು ಬಾಳಿಕೆ? ಸುತ್ತಲೂ ಶಾಖ ತಡೆಯೋ ಬಟ್ಟೆ (ಹೀಟ್ ವ್ರ್ಯಾಪ್) ಸುತ್ತಿದ್ರೆ ಒಳ್ಳೇದಾ?

ಉತ್ತರ: ಪೇಂಟ್ ಅನ್ನೋದು ಅಂಗಡಿಯಿಂದ ಮನೆಗೆ ಬರೋ ತನಕ ತುಕ್ಕು ಹಿಡೀದೆ ಇರ್ಲಿ ಅಂತ ಹೊಡೆದಿರೋದು, ಮೊದಲನೇ ಸಲ ಕಾದಾಗಲೇ ಸುಟ್ಟು ಹೋಗುತ್ತೆ. ದಿನಾ ಓಡಿಸೋ ಗಾಡಿಗೆ ಒಳಗೂ ಹೊರಗೂ ಸೆರಾಮಿಕ್ ಕೋಟಿಂಗ್ ಆಗಿರೋ ಮೈಲ್ಡ್ ಸ್ಟೀಲ್ ಒಳ್ಳೆ ಆಯ್ಕೆ, ತುಕ್ಕೂ ತಡೆಯುತ್ತೆ, ಬಾನೆಟ್ ಕೆಳಗಿನ ಶಾಖನೂ ಕಮ್ಮಿ ಆಗುತ್ತೆ. ಸ್ಟೇನ್‌ಲೆಸ್‌ನಲ್ಲಿ 304 ಮತ್ತೆ 409 ಅಂತ ಎರಡು ಸಾಮಾನ್ಯ. 409ಗೆ ಮೇಲ್ಮೈಯಲ್ಲಿ ಕೆಂಪು ತುಕ್ಕು ಬರುತ್ತೆ, ಅಯಸ್ಕಾಂತ ಅಂಟುತ್ತೆ, ಅಷ್ಟಕ್ಕೇ ಮೋಸ ಹೋದೆ ಅಂದ್ಕೋಬೇಡಿ, ಅದು ಎಕ್ಸಾಸ್ಟಿಗಂತಲೇ ಬಳಸೋ ಲೋಹ. 304 ಹೊಳಪು ಉಳಿಸ್ಕೊಳ್ಳುತ್ತೆ, ಆದ್ರೆ ಕಾದಾಗ ಮೈಲ್ಡ್ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ, ವೆಲ್ಡಿಂಗ್ ಕಳಪೆ ಇದ್ರೆ ಅಲ್ಲೇ ಬಿರುಕು.

ಮೈಲ್ಡ್ ಸ್ಟೀಲ್ ಹೆಡರಿಗೆ ಬಟ್ಟೆ ಸುತ್ತಬೇಡಿ. ಮಳೆ ನೀರು, ತೇವ ಒಳಗೆ ಹಿಡ್ಕೊಂಡು ಪೈಪನ್ನ ತಿಂದುಬಿಡುತ್ತೆ, ಎಷ್ಟೋ ತಯಾರಕರು ಸುತ್ತಿದ್ರೆ ವಾರಂಟಿನೇ ಕೊಡಲ್ಲ. ಸ್ಟಾರ್ಟರಿಗೆ, ಪ್ಲಗ್ ವೈರಿಗೆ ಬಿಸಿ ತಾಗುತ್ತೆ ಅನ್ನೋ ಚಿಂತೆ ಇದ್ರೆ ಅವಕ್ಕೇ ಹೀಟ್ ಶೀಲ್ಡ್ ಹಾಕಿ.

ಕೋಟಿಂಗ್‌ಗಿಂತ ಮುಖ್ಯವಾಗಿ ನೋಡಬೇಕಾದ್ದು ದಪ್ಪ. ಪೈಪು 18 ಗೇಜ್ ಅಂದ್ರೆ ಸುಮಾರು 1.2 ಮಿ.ಮೀ., 16 ಗೇಜ್ ಅಂದ್ರೆ ಸುಮಾರು 1.6 ಮಿ.ಮೀ., ಗೇಜ್ ನಂಬರ್ ಕಮ್ಮಿ ಆದಷ್ಟೂ ಪೈಪು ದಪ್ಪ. ಲೋಡು ಎಳೆಯೋ ಗಾಡಿಗೆ 16ಕ್ಕಿಂತ ತೆಳು ಬೇಡ. ಹೆಡ್ಡಿಗೆ ಬೋಲ್ಟ್ ಆಗಿ ಕೂರೋ ಪಟ್ಟಿ, ಅಂದ್ರೆ ಫ್ಲಾಂಜ್, ಕನಿಷ್ಠ 5/16 ಇಂಚು, 3/8 ಇಂಚು ಆದ್ರೆ ಇನ್ನೂ ಒಳ್ಳೇದು, ತೆಳು ಫ್ಲಾಂಜ್ ಶಾಖಕ್ಕೆ ಬಾಗುತ್ತೆ, ಬಾಗಿದ ಮೇಲೆ ಯಾವ ಗ್ಯಾಸ್ಕೆಟ್ ಹಾಕಿದ್ರೂ ಲೀಕ್ ನಿಲ್ಲಲ್ಲ. ಡಬ್ಬಿ ಬಿಚ್ಚಿದ ತಕ್ಷಣ ಫ್ಲಾಂಜ್ ಮೇಲೆ ಒಂದು ನೇರ ಸ್ಟೀಲ್ ಸ್ಕೇಲ್ ಇಟ್ಟು ಕೆಳಗಿಂದ ಬೆಳಕು ಕಾಣುತ್ತಾ ನೋಡಿ, ಪೋರ್ಟ್ ಒಳಗೆ ಬೆರಳು ಹಾಕಿ ವೆಲ್ಡಿಂಗ್ ಗಂಟು ತಡೆಯುತ್ತಾ ನೋಡಿ, ಗ್ಯಾಸ್ಕೆಟ್‌ನ ಫ್ಲಾಂಜ್ ಮೇಲೂ ಹೆಡ್ ಮೇಲೂ ಇಟ್ಟು ತೂತು ಸರಿ ಕೂರುತ್ತಾ ನೋಡಿ. ಸರಿ ಇಲ್ಲದಿದ್ರೆ ಒಂದು ಬೋಲ್ಟೂ ಹಾಕದೆ ವಾಪಸ್ ಕೊಡಿ, ಒಂದ್ಸಲ ಕಾಯಿಸಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ಪ್ರಶ್ನೆ: 2002ರ ಶೆವರ್ಲೆ ಸಿಲ್ವರಾಡೋ ಪಿಕಪ್, 5.3 ಲೀಟರ್ ಇಂಜಿನ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಶಬ್ದ, ಬಿಸಿ ಆದ್ಮೇಲೆ ಹೋಗುತ್ತೆ. ಹೆಡರ್ ಹಾಕಿದ್ರೆ ಸರಿ ಹೋಗುತ್ತಾ?

ಉತ್ತರ: ಮೊದಲು ಮ್ಯಾನಿಫೋಲ್ಡಿನ ಬೋಲ್ಟ್ ಎಣಿಸಿ. ಈ ಇಂಜಿನ್ನಲ್ಲಿ ತುದಿಯ ಬೋಲ್ಟು, ಅದ್ರಲ್ಲೂ ಹಿಂದಿನವು, ತಲೆ ಮುರಿದು ಬೀಳೋದು ಬಹಳ ಸಾಮಾನ್ಯ. ಬೀಡು ಕಾದು ಹಿಗ್ಗಿ ತಣ್ಣಗಾಗಿ ಕುಗ್ಗೋವಾಗ ಬೋಲ್ಟನ್ನ ಅಡ್ಡಕ್ಕೆ ಎಳೆಯುತ್ತೆ. ಬಿಸಿ ಆದಾಗ ಸಂದು ಮುಚ್ಕೊಂಡು ಶಬ್ದ ನಿಲ್ಲುತ್ತೆ, ಅಷ್ಟೇ. ಹೆಡರ್ ಹಾಕೋಕೂ ಆ ಮುರಿದ ತುಂಡು ತೆಗೀಲೇಬೇಕು, ಅಲ್ಲೇ ಇರೋದು ಕೆಲಸ. ತುಂಡು ಹೊರಗೆ ಚೂರು ಚಾಚಿದ್ರೆ ಅದರ ಮೇಲೆ ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿ, ಆ ಬಿಸಿಯಲ್ಲೇ ನಿಧಾನಕ್ಕೆ ಹಿಂದೆ ಮುಂದೆ ಆಡಿಸಿದ್ರೆ ಬರುತ್ತೆ. ಒಳಗೇ ಮುರಿದಿದ್ರೆ ನೀವೇ ಡ್ರಿಲ್ ಹಿಡೀಬೇಡಿ, ಹೆಡ್ ಅಲ್ಯೂಮಿನಿಯಂ, ಡ್ರಿಲ್ ಬಿಟ್ಟು ಗಟ್ಟಿ ಬೋಲ್ಟಿಂದ ಜಾರಿ ಮೆತ್ತಗಿರೋ ಹೆಡ್ಡಿಗೆ ಇಳಿಯುತ್ತೆ. ಯಾವುದೇ ಹಳೇ ಗಾಡಿಗೆ ಹೆಡರ್ ಕೆಲಸ ಶುರು ಮಾಡೋ ಕೆಲವು ದಿನ ಮುಂಚಿಂದ್ಲೇ ಬೋಲ್ಟುಗಳಿಗೆ ಪೆನಿಟ್ರೇಟಿಂಗ್ ಆಯಿಲ್ ಬಿಡ್ತಾ ಬನ್ನಿ.

ಪ್ರಶ್ನೆ: ಹೆಡರ್ ಹಾಕಿಸ್ದೆ, ಆಮೇಲಿಂದ ಬೆಳಗ್ಗೆ ಇಂಜಿನ್ ಒಂದೇ ಸಮ ಓಡಲ್ಲ, ಆಫ್ ಆಗ್ತಾ ಇರುತ್ತೆ, ಆಕ್ಸಿಲರೇಟರ್ ಬಿಟ್ರೆ ಹಿಂದೆ ಪಟಪಟ ಅನ್ನುತ್ತೆ. ಕಾರ್ಬೊರೇಟರ್ ಗಾಡಿ, ಹಳೇ ವಿ8. ಪೊಲ್ಯೂಶನ್ ಟೆಸ್ಟಿಗೂ ಭಯ ಆಗ್ತಿದೆ.

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಹಳೇ ಮ್ಯಾನಿಫೋಲ್ಡ್ ಬಾಯಲ್ಲಿ ಒಂದು ಹೀಟ್ ರೈಸರ್ ವಾಲ್ವ್ ಇರ್ತಿತ್ತು, ತಣ್ಣಗಿದ್ದಾಗ ಒಂದು ಕಡೆ ದಾರಿ ಮುಚ್ಚಿ ಬಿಸಿ ಗ್ಯಾಸನ್ನ ಇನ್‌ಟೇಕ್ ಕೆಳಗಿಂದ ಹಾಯಿಸ್ತಿತ್ತು. ಏರ್ ಕ್ಲೀನರಿಗೆ ಬಿಸಿ ಗಾಳಿ ಕೊಡೋ ಕೊಳವೆನೂ ಅಲ್ಲಿಂದ್ಲೇ. ಹೆಡರ್ ಹಾಕುವಾಗ ಎರಡೂ ಹೋಗಿವೆ, ಶಾಖದಿಂದ ತೆರೆಯೋ ಚೋಕ್ (ತಣ್ಣಗಿದ್ದಾಗ ಕಾರ್ಬೊರೇಟರಿಗೆ ಗಾಳಿ ಕಮ್ಮಿ ಮಾಡೋ ಮುಚ್ಚಳ) ಇದ್ರೆ ಅದಕ್ಕೂ ಲೆಕ್ಕ ತಪ್ಪಿದೆ. ಎಲೆಕ್ಟ್ರಿಕ್ ಚೋಕ್ ಹಾಕಿಸಿ, ಬಿಸಿ ಗಾಳಿ ಕೊಳವೆಗೆ ಹೆಡರ್ ಪೈಪಿನ ಮೇಲೆ ಕೂರೋ ಕವಚ ಸಿಗುತ್ತೆ, ಅದನ್ನ ಮತ್ತೆ ಜೋಡಿಸಿ. ಪಟಪಟ ಶಬ್ದಕ್ಕೆ ಮೊದಲ ಅನುಮಾನ ಲೀಕ್. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಒಂದು ರಬ್ಬರ್ ಕೊಳವೆ ಕಿವಿಗೆ ಹಿಡಿದು ಇನ್ನೊಂದು ತುದಿ ಫ್ಲಾಂಜ್ ಉದ್ದಕ್ಕೂ, ಕಲೆಕ್ಟರ್ ಸುತ್ತ ಓಡಿಸಿ, ಲೀಕ್ ಇದ್ದ ಕಡೆ ಫಟ್ ಫಟ್ ಅಂತ ಸ್ಪಷ್ಟವಾಗಿ ಕೇಳುತ್ತೆ. ಲೀಕ್ ಇಲ್ಲದಿದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಆಗಿದೆ, ಪ್ಲಗ್ ಬಿಚ್ಚಿ ನೋಡಿ, ಪಿಂಗಾಣಿ ಬೆಳ್ಳಗೆ ಸುಟ್ಟಿದ್ರೆ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಬರೋ ತೂತಿನ ತುಂಡು) ಒಂದು ಸೈಜ್ ದೊಡ್ಡದು ಹಾಕಿ ಮತ್ತೆ ನೋಡಿ. ಇಂಜೆಕ್ಷನ್ ಗಾಡಿ ಇರೋರಿಗೂ ಹೇಳ್ತೀನಿ, ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋ ಆಕ್ಸಿಜನ್ ಸೆನ್ಸರಿಗೂ ಇಂಜಿನ್ನಿಗೂ ನಡುವೆ ಲೀಕ್ ಇದ್ರೆ ಹೊರಗಿನ ಗಾಳಿ ಒಳಗೆ ಸೇರಿ ಕಂಪ್ಯೂಟರ್ ಪೆಟ್ರೋಲ್ ಸಾಲ್ತಿಲ್ಲ ಅಂದ್ಕೊಂಡು ಇನ್ನೂ ಸುರಿಯುತ್ತೆ, ಮೈಲೇಜ್ ಬೀಳುತ್ತೆ. ಲಾಂಗ್ ಟ್ಯೂಬಲ್ಲಿ ಸೆನ್ಸರ್ ದೂರ ಹೋಗಿ ತಣ್ಣಗಾಗೋದ್ರಿಂದ ಒಂದೇ ವೈರಿನ ಹಳೇ ಸೆನ್ಸರ್ ಬದಲು ಒಳಗೇ ಹೀಟರ್ ಇರೋದು ಬೇಕಾಗುತ್ತೆ.

ಟೆಸ್ಟ್ ವಿಷಯ ನೀವಿರೋ ಕಡೆಯ ಕಾನೂನಿನ ಮೇಲಿದೆ. ಅಮೆರಿಕದಲ್ಲಿ ಕಂಪನಿ ಕೊಟ್ಟ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಡಬ್ಬಿ) ತೆಗೆಯೋದು ಫೆಡರಲ್ ಕಾನೂನಿಗೆ ವಿರುದ್ಧ, ಹೆಡರ್ ನೆಪದಲ್ಲೂ ತೆಗೆಯೋ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತೆ ಅದಕ್ಕಿಂತ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಟೆಸ್ಟ್ (ಅಲ್ಲಿನ ಪೊಲ್ಯೂಶನ್ ಟೆಸ್ಟ್) ಇಲ್ಲ, 1976ರಿಂದ ಈಚಿನವಕ್ಕೆ ಹೆಡರ್ ಮೇಲೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಓ ನಂಬರ್ (ಒಪ್ಪಿಗೆಯ ನಂಬರ್) ಇರಬೇಕು, ಅದೂ ನಿಮ್ಮ ವರ್ಷದ, ನಿಮ್ಮ ಇಂಜಿನ್ನಿನ ಗಾಡಿಗೆ ಕೊಟ್ಟಿರೋದು. ಹಳೇ ಮ್ಯಾನಿಫೋಲ್ಡಿಗೆ ಏರ್ ಪಂಪಿನ ಕೊಳವೆ, ಇಜಿಆರ್ ಕೊಳವೆ (ಸ್ವಲ್ಪ ಹೊಗೆ ವಾಪಸ್ ಇಂಜಿನ್ನಿಗೆ ಕಳಿಸೋದು) ಏನಾದ್ರೂ ಇದ್ದಿದ್ರೆ ಅವಕ್ಕೆ ಜಾಗ ಇರೋ ಹೆಡರನ್ನೇ ತಗೋಬೇಕಿತ್ತು, ಇಲ್ಲದಿದ್ರೆ ಟೆಸ್ಟ್ ಮಾಡೋರು ಬಾನೆಟ್ ಎತ್ತಿ ನೋಡಿದಾಗಲೇ ವಾಪಸ್ ಕಳಿಸ್ತಾರೆ. ಬಿಚ್ಚಿದ ಹಳೇ ಮ್ಯಾನಿಫೋಲ್ಡು, ವಾಲ್ವು, ಕೊಳವೆ ಎಲ್ಲಾ ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಟ್ಟಿರಿ, ಫೇಲ್ ಆದ್ರೆ ಅದನ್ನೇ ಮತ್ತೆ ಕೂರಿಸೋ ದಾರಿ ಉಳಿದಿರುತ್ತೆ.