1965ರ ಕ್ಯಾಡಿಲಾಕ್ 75 ಲಿಮೋಸಿನ್ ನೋಡಲು 64ರ ಹಾಗಿದೆ. ಹಿಂಬದಿಯ ಮೂಲೆಗಳಲ್ಲಿ ಎದ್ದು ನಿಂತ ತಗಡಿನ ರೆಕ್ಕೆ ನೋಡಿ ವರ್ಷ ಹೇಳಬಹುದೇ?

ರೆಕ್ಕೆ ನೋಡಿ ವರ್ಷ ಹೇಳಲು ಹೋಗಿಯೇ ನಾನು ಹಳ್ಳಕ್ಕೆ ಬಿದ್ದದ್ದು. ನಿಮ್ಮದರಂಥದ್ದೇ ಗಾಡಿ: ಫ್ಲೀಟ್‌ವುಡ್ ಸೀರೀಸ್ 75, ಕಾಗದದಲ್ಲಿ 1965, ಕಣ್ಣಿಗೆ 1964. ಹೆಡ್‌ಲೈಟ್ ಅಕ್ಕಪಕ್ಕ, ಹಿಂದೆ ರೆಕ್ಕೆ, ಹತ್ತುವಾಗ ಮೊಣಕಾಲಿಗೆ ಬಡಿಯುವ ಹಾಗೆ ಬಾಗಿದ ಮುಂಗಾಜಿನ ಕಂಬ. ಕ್ಯಾಡಿಲಾಕ್‌ನದೇ ಇನ್ನೊಂದು ಮಾಡೆಲ್, 65ರ ಡಿವಿಲ್‌ನಲ್ಲಾದರೆ ಹೆಡ್‌ಲೈಟ್‌ಗಳು ಒಂದರ ಮೇಲೊಂದು. ಹಾಗಾಗಿ ಕಾಗದವೇ ತಪ್ಪು ಅಂದುಕೊಂಡೆ.

64 ಎಂದೇ ನಂಬಿ ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದ ಹೈಡ್ರಾಮ್ಯಾಟಿಕ್‌ನ ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್, ಸೀಲ್ ಕಿಟ್ ತರಿಸಿದೆ. ಗಾಡಿ ಎತ್ತಿ ಕೆಳಗೆ ನೋಡಿದರೆ ಗೇರ್‌ಬಾಕ್ಸ್ ತಳದಲ್ಲಿ 13 ಬೋಲ್ಟಿನ ಪ್ಯಾನ್ (ಎಣ್ಣೆ ತಟ್ಟೆ), ಅಂದರೆ ಹೊಸ ಗೇರ್‌ಬಾಕ್ಸ್ ಆದ ಟರ್ಬೋ ಹೈಡ್ರಾಮ್ಯಾಟಿಕ್! ಕಿಟ್ ಬಿಚ್ಚಿಯಾಗಿತ್ತು, ದುಡ್ಡು ವಾಪಸ್ ಬರಲಿಲ್ಲ.

ಆದದ್ದು ಇಷ್ಟು. 65ರಲ್ಲಿ ಕ್ಯಾಡಿಲಾಕ್ ಉಳಿದೆಲ್ಲ ಮಾಡೆಲ್‌ಗಳ ಬಾಡಿ ಬದಲಿಸಿತು, 75ಕ್ಕೆ ಮಾತ್ರ ಹಳೆಯದನ್ನೇ ಮುಂದುವರಿಸಿತು. ಹೊಸ ಬಾಡಿ ಬಂದದ್ದು 1966ರಲ್ಲಿ. ಆದರೆ ಒಳಗಿನ ಗೇರ್‌ಬಾಕ್ಸ್ ಅಷ್ಟರಲ್ಲೇ ಬದಲಾಗಿತ್ತು. 64ರಲ್ಲಿ ಟರ್ಬೋ ಸಿಕ್ಕಿದ್ದು ಡಿವಿಲ್, ಎಲ್ಡೊರಾಡೊ, ಸಿಕ್ಸ್ಟಿ ಸ್ಪೆಷಲ್‌ಗೆ. 75ಕ್ಕೆ ಒಂದು ವರ್ಷ ತಡವಾಗಿ. ಚರ್ಮ 64ರದ್ದು, ಕರುಳು 65ರದ್ದು.

ಬಾನೆಟ್ ಎತ್ತುವುದೂ ಬೇಡ, ಸ್ಟೀರಿಂಗ್ ಬಳಿಯ ಗೇರ್ ಅಕ್ಷರಗಳನ್ನು ಓದಿ. ಪಿ (ಪಾರ್ಕ್) ಪಕ್ಕದಲ್ಲೇ ಆರ್ (ರಿವರ್ಸ್) ಇದ್ದರೆ ಟರ್ಬೋ. ಆರ್ ಬಲತುದಿಯಲ್ಲಿ, ಎಲ್ಲಕ್ಕಿಂತ ಕೊನೆಗೆ ಇದ್ದರೆ ಹಳೆಯದು. ಎಂಜಿನ್‌ನಿಂದ ಏನೂ ತಿಳಿಯದು. ಎರಡೂ ವರ್ಷ 429 ಘನ ಇಂಚಿನದೇ.

ಆಮೇಲೆ ಗಾಡಿ ಸಂಖ್ಯೆ, ಅಂದರೆ ನೋಂದಣಿ ಸಂಖ್ಯೆಯಲ್ಲ, ಕಾರ್ಖಾನೆಯಲ್ಲೇ ಕೊಟ್ಟದ್ದು. 64ರದ್ದು 64 ಎಂದೇ ಶುರುವಾಗಿ ನಂತರ ಅಕ್ಷರ ಬರುತ್ತದೆ. 65ರದ್ದರಲ್ಲಿ ಅಕ್ಷರ ಮೊದಲು, ಆಮೇಲೆ 5. ಅಕ್ಷರ ಆರ್ ಆದರೆ ಒಂಬತ್ತು ಸೀಟಿನ ಸೆಡಾನ್, ಎಸ್ ಆದರೆ ಲಿಮೋಸಿನ್. ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲಿನ ಬಾಡಿ ಪ್ಲೇಟ್‌ನಲ್ಲಿ 65ಕ್ಕೆ ಐದಂಕಿ: 69723 ಸೆಡಾನ್, 69733 ಲಿಮೋಸಿನ್. 64ಕ್ಕೆ ನಾಲ್ಕೇ ಅಂಕಿ: 6723, 6733.

ಮಡಚುವ ಸೀಟು ಇದೆ, ಹಾಗಾಗಿ ಲಿಮೋಸಿನ್ ಎನ್ನುವ ಮಾರಾಟಗಾರನನ್ನು ನಂಬಬೇಡಿ. ಅದು ಎರಡರಲ್ಲೂ ಇರುತ್ತದೆ. ಡ್ರೈವರ್ ಹಿಂದೆ ಗಾಜಿನ ತಡೆ ಇರುವುದು ಲಿಮೋಸಿನ್‌ನಲ್ಲಿ ಮಾತ್ರ. ಅದನ್ನೂ ಯಾರಾದರೂ ಕಿತ್ತಿರಬಹುದು, ಹಾಕಿಸಿರಬಹುದು. ಅದಕ್ಕೇ ಪ್ಲೇಟ್ ಅಂದದ್ದು.

ಒಂದು ಟೇಪ್ ಇಟ್ಟುಕೊಂಡು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. ಅಸಲಿ 75ರಲ್ಲಿ 149.8 ಇಂಚು, ಡಿವಿಲ್‌ನಲ್ಲಿ 129.5. ಬಾಗಿಲುಗಳ ನಡುವೆ ಬೇರೆ ತಗಡು ಕೂರಿಸಿದ ಗುರುತು ಕಂಡರೆ ಅದು ಕತ್ತರಿಸಿ ಉದ್ದ ಮಾಡಿಸಿದ ಗಾಡಿ.

ಮುಂಗಾಜು ಒಡೆದಿದ್ದರೆ 65ರ ಡಿವಿಲ್‌ನದು ತರಿಸಬೇಡಿ, ಕೂರುವುದೇ ಇಲ್ಲ. ಅಂಗಡಿಯವರಿಗೆ ವರ್ಷದ ಜೊತೆ 75 ಎಂದೂ ಹೇಳಿ, ಪ್ಲೇಟ್‌ನ ಫೋಟೋ ಕಳಿಸಿಯೇ ದುಡ್ಡು ಕೊಡಿ.