‘ಏನೂ ಆಗಲ್ಲಮ್ಮ’ ಅಂದರೆ ಸಾಕಾ, ಸಿಸ್ಟರ್?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರ ಕೀಮೋ ಡೇ ಕೇರ್‌ನಲ್ಲಿ ಸ್ಟಾಫ್ ನರ್ಸ್. ಪೇಷಂಟ್ ಮುಂದೆ ಸದಾ ನಗುತ್ತಿರಬೇಕು, ‘ನೆಗೆಟಿವ್’ ಮಾತು ಬೇಡ ಅಂತ ಮೇಲಿನವರ ಆರ್ಡರ್. ಫೀಡ್‌ಬ್ಯಾಕ್ ಫಾರಂನಲ್ಲೂ ಸಿಬ್ಬಂದಿ ನಗುಮುಖದಿಂದ ಇದ್ದರಾ ಅನ್ನೋ ಪ್ರಶ್ನೆ ಇದೆ. ಮೊನ್ನೆ ಒಬ್ಬರು ಅಮ್ಮ ನನ್ನ ಕೈ ಹಿಡಿದು, ‘ನಾನು ಉಳೀತೀನಾ ಸಿಸ್ಟರ್?’ ಅಂದರು. ‘ಅಯ್ಯೋ, ಏನೂ ಆಗಲ್ಲಮ್ಮ, ಪಾಸಿಟಿವ್ ಆಗಿರಿ, ಎಲ್ಲಾ ಸರಿ ಹೋಗುತ್ತೆ’ ಅಂದೆ. ಅವರು ಕೈ ಬಿಟ್ಟು ಗೋಡೆ ಕಡೆ ತಿರುಗಿಕೊಂಡರು. ನಾನು ಹೇಳಿದ್ದು ತಪ್ಪಾ? ನಿಜ ಹೇಳೋದು ಡಾಕ್ಟರ್ ಕೆಲಸ ಅಲ್ವಾ?
– ಮೈಸೂರಿನಿಂದ ಓದುಗರೊಬ್ಬರು

ಉತ್ತರ: ಸಮಾಧಾನ ಹೇಳಿದ್ದು ತಪ್ಪಲ್ಲ, ಆತುರ ಆಯಿತು. ಆ ಅಮ್ಮ ಬಹುಶಃ ಗಂಡನ ಹತ್ತಿರವಾಗಲಿ ಮಕ್ಕಳ ಹತ್ತಿರವಾಗಲಿ ಆಡಲಾಗದೆ ಒಳಗೇ ಇಟ್ಟುಕೊಂಡಿದ್ದ ಮಾತನ್ನು ನಿಮ್ಮ ಮುಂದೆ ತೆಗೆದರು. ಅದು ಪೂರ್ತಿ ಹೊರಗೆ ಬರುವ ಮೊದಲೇ ನೀವು ಮುಗಿಸಿಬಿಟ್ಟಿರಿ. ಅವರಿಗೆ ಅರ್ಥವಾಗಿದ್ದು ಇಷ್ಟು: ಈ ಹುಡುಗಿ ಒಳ್ಳೆಯವಳು, ಆದರೆ ಇವಳ ಹತ್ತಿರ ಇಂಥದ್ದು ಮಾತಾಡಬಾರದು.

ಇದು ಬರೀ ಮನಸ್ಸಿನ ವಿಷಯ ಅಂದುಕೊಳ್ಳಬೇಡಿ. ಸಿಸ್ಟರ್ ಇಷ್ಟು ಖುಷಿಯಾಗಿದ್ದಾಳೆ, ನಾನ್ಯಾಕೆ ಹಾಳು ಮಾಡಲಿ ಅಂತ ಸುಮ್ಮನಿರೋ ಪೇಷಂಟ್‌ಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಹೆಂಗಸರಂತೂ ಇನ್ನೂ ಜಾಸ್ತಿ. ಡಾಕ್ಸೊರುಬಿಸಿನ್, ಅದೇ ಆ ಕೆಂಪು ಔಷಧಿ, ಹೋಗುತ್ತಿರುವಾಗ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಹಾಕಿರೋ ಸಣ್ಣ ನಳಿಕೆ, ಹತ್ತಿರ ಉರಿ ಬಂದರೆ ಆ ಕ್ಷಣವೇ ಹೇಳಬೇಕು, ಯಾಕೆಂದರೆ ಅದು ರಕ್ತನಾಳದಿಂದ ಆಚೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಎಲ್ಲಾ ಹಾಳಾಗಬಹುದು ಅನ್ನೋದು ನಿಮಗೇ ಗೊತ್ತು. ಕೀಮೋ ಆದ ಮೇಲೆ ಮನೆಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಫೋನ್ ಮಾಡಬೇಕು. ಈಗ ನೋಡಿ, ‘ಚೆನ್ನಾಗಿದ್ದೀರಲ್ವಾ ಅಮ್ಮ, ಏನೂ ತೊಂದರೆ ಇಲ್ಲ ತಾನೇ?’ ಅಂತ ಒಂದೇ ಉಸಿರಿನಲ್ಲಿ ಕೇಳಿದರೆ ಯಾರು ತಾನೇ ‘ಇಲ್ಲ, ಉರೀತಾ ಇದೆ’ ಅಂತಾರೆ? ಉತ್ತರವನ್ನೂ ನಾವೇ ಕೊಟ್ಟುಬಿಟ್ಟಿರುತ್ತೇವೆ. ‘ಇವತ್ತು ಜಾಸ್ತಿ ಕಷ್ಟ ಅನ್ನಿಸ್ತಿರೋದು ಯಾವುದು?’ ಅಂತ ಕೇಳಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಂತು ನೋಡಿ. (ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗ ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅನ್ನೋದೂ ಇದೇ ಜಾತಿ. ಮುಂದಿನ ಸಲ ಆ ಮಗು ನಿಮ್ಮನ್ನು ನಂಬಲ್ಲ.)

ಇನ್ನು ‘ಉಳೀತೀನಾ?’ ಅನ್ನೋ ಪ್ರಶ್ನೆ. ಸ್ಟೇಜ್ ಎಷ್ಟು, ಎಷ್ಟು ತಿಂಗಳು ಅಂತ ಹೇಳೋದು ಡಾಕ್ಟರ್ ಕೆಲಸವೇ, ಅದರಲ್ಲಿ ನಿಮ್ಮ ಮಾತು ಸರಿ. ಆದರೆ ನಿಮ್ಮ ಮುಂದೆ ಎರಡೇ ದಾರಿ ಇತ್ತು, ಒಂದೋ ಎಲ್ಲಾ ಹೇಳಬೇಕು ಇಲ್ಲವೇ ‘ಏನೂ ಆಗಲ್ಲ’ ಅನ್ನಬೇಕು ಅಂದುಕೊಂಡಿದ್ದೀರಿ, ಅಲ್ಲೇ ಎಡವಟ್ಟಾಗಿದ್ದು. ಆ ಪ್ರಶ್ನೆಯ ಹಿಂದೆ ಏನಿರುತ್ತೆ ಅಂತ ಕೇಳದೆ ಗೊತ್ತಾಗಲ್ಲ. ಮಗಳ ಮದುವೆ ಇರಬಹುದು, ಮಾಡಿರೋ ಸಾಲ ಇರಬಹುದು, ಪಕ್ಕದ ಬೆಡ್‌ನವರು ಈ ಸಲ ಬಂದಿಲ್ಲ ಅನ್ನೋ ಭಯ ಇರಬಹುದು. ‘ಯಾಕಮ್ಮ, ಇವತ್ತು ಏನನ್ನಿಸ್ತು?’ ಅಂತ ಕೇಳಿ. ಅವರು ಅತ್ತರೆ ಅಳಲಿ, ಟಿಶ್ಯೂ ಕೊಡೋಕೆ ಓಡಬೇಡಿ. ಆಮೇಲೆ ಹೀಗೆ ಹೇಳಬಹುದು: ‘ಇದಕ್ಕೆ ಉತ್ತರ ನನಗೆ ಗೊತ್ತಿಲ್ಲಮ್ಮ. ಆದರೆ ನೀವು ಕೇಳಿದ್ದನ್ನು ಡಾಕ್ಟರ್‌ಗೆ ತಿಳಿಸ್ತೀನಿ. ಅವರು ಮಾತಾಡುವಾಗ ನಾನೂ ಪಕ್ಕದಲ್ಲಿ ಇರ್ತೀನಿ.’ ಹೇಳಿದ ಮೇಲೆ ಇರಬೇಕು, ಅದು ಮುಖ್ಯ. ನರ್ಸಿಂಗ್ ನೋಟ್ಸ್‌ನಲ್ಲಿ ಒಂದು ಸಾಲು ಬರೆಯಿರಿ, ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್‌ನಲ್ಲೂ ಹೇಳಿ. ಬಿಪಿ, ಶುಗರ್ ಎಲ್ಲಾ ಹೇಳ್ತೀವಿ, ಪೇಷಂಟ್ ಹೀಗೆ ಕೇಳಿದರು ಅನ್ನೋದನ್ನು ಮಾತ್ರ ಬಿಟ್ಟುಬಿಡ್ತೀವಿ.

ನಗುವಿನ ಆರ್ಡರ್ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಆರ್ಲಿ ಹಾಕ್‌ಶೀಲ್ಡ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞೆ 1983ರಲ್ಲೇ ಗಗನಸಖಿಯರ ಕೆಲಸ ನೋಡಿ ಬರೆದಿದ್ದರು: ಸಂಬಳಕ್ಕಾಗಿ ಮುಖದ ಮೇಲೆ ಒಂದು ಭಾವ ಹೊತ್ತುಕೊಂಡಿರೋದೂ ದುಡಿಮೆಯೇ, ಅದೂ ಮನುಷ್ಯರನ್ನು ಸುಸ್ತು ಮಾಡುತ್ತೆ ಅಂತ. ವಿಮಾನದಲ್ಲಿ ಆ ನಗು ಕಾಫಿ ಕೊಡುವಾಗ. ನಿಮಗೆ, ಬೆಳಿಗ್ಗೆ ಒಂದು ಬೆಡ್ ಖಾಲಿಯಾದದ್ದನ್ನು ನೋಡಿ ಪಕ್ಕದ ಬೆಡ್‌ಗೆ ಡ್ರಿಪ್ ಹಾಕುವಾಗಲೂ ಅದೇ ನಗು ಬೇಕು ಅಂದರೆ ಹೇಗೆ? ಮೃದುವಾಗಿರಿ, ಸಾಕು. ನಗು ಬಂದಾಗ ನಗಿ.

ಪ್ರಶ್ನೆ: ನನಗೆ ಸ್ತನ ಕ್ಯಾನ್ಸರ್, ಚಿಕಿತ್ಸೆ ನಡೀತಿದೆ. ‘ನೀವು ಫೈಟರ್’, ‘ಮನಸ್ಸು ಗಟ್ಟಿ ಇದ್ದರೆ ಕಾಯಿಲೆ ಓಡಿಹೋಗುತ್ತೆ’ ಅಂತ ಎಲ್ಲರೂ, ಆಸ್ಪತ್ರೆಯ ಸಿಸ್ಟರ್‌ಗಳೂ ಹೇಳುತ್ತಿರುತ್ತಾರೆ. ಸ್ಕ್ಯಾನ್ ಸರಿ ಬರದೇ ಇದ್ದಾಗ ನನ್ನ ಮನಸ್ಸೇ ವೀಕ್ ಇರಬೇಕು ಅನ್ನಿಸುತ್ತೆ. ಇದು ನಿಜವಾ?
– ಶಿವಮೊಗ್ಗದಿಂದ ಓದುಗರೊಬ್ಬರು

ಉತ್ತರ: ಇಲ್ಲ. ಸ್ಕ್ಯಾನ್‌ನಲ್ಲಿ ಬಂದದ್ದಕ್ಕೆ ನೀವು ಅತ್ತದ್ದು ಕಾರಣವಲ್ಲ. ಜೇಮ್ಸ್ ಕೊಯ್ನ್ ಅನ್ನೋ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು ಅಮೆರಿಕದಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ನೋಡಿ 2007ರಲ್ಲಿ ಪ್ರಕಟಿಸಿದ್ದರು. ಮನಸ್ಸು ಚೆನ್ನಾಗಿದ್ದವರು ಜಾಸ್ತಿ ದಿನ ಬದುಕಿದರು ಅಂತೇನೂ ಅದರಲ್ಲಿ ಕಾಣಲಿಲ್ಲ. ನಿಮ್ಮದು ಬೇರೆ ಜಾಗದ ಕ್ಯಾನ್ಸರ್ ನಿಜ, ಆದರೆ ‘ಓಡಿಹೋಗುತ್ತೆ’ ಅನ್ನೋವರ ಹತ್ತಿರ ಇಷ್ಟರ ಮಟ್ಟಿನ ಆಧಾರವೂ ಇರಲ್ಲ. ಹಾಗಂತ ಮನಸ್ಸನ್ನು ಬಿಟ್ಟುಬಿಡಿ ಅಂತಲ್ಲ. ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಯಾವುದೂ ಬೇಡ ಅನ್ನಿಸ್ತಿದೆ ಅಂದರೆ ಡಾಕ್ಟರ್‌ಗೆ ಹೇಳಿ, ಖಿನ್ನತೆಗೆ ಬೇರೆ ಚಿಕಿತ್ಸೆ ಇದೆ.

ಸಿಸ್ಟರ್‌ಗಳಿಗೆ ನೇರವಾಗಿ ಹೇಳಿಬಿಡಿ: ‘ಇವತ್ತು ಧೈರ್ಯ ಹೇಳಬೇಡಿ ಸಿಸ್ಟರ್, ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ.’ ಬೇಜಾರು ಮಾಡಿಕೊಳ್ಳಲ್ಲ, ಅವರಿಗೂ ಹಗುರ ಆಗುತ್ತೆ.

ಪ್ರಶ್ನೆ: ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಅಲ್ಸರ್ ಅಂತ ಹೇಳಿದ್ದೇವೆ, ಬಾಯಿಬಿಡಬೇಡಿ ಅಂತ ಸಿಸ್ಟರ್‌ಗಳಿಗೂ ಹೇಳಿದ್ದೇವೆ. ಒಬ್ಬ ಸಿಸ್ಟರ್ ಮಾತ್ರ ‘ನಾನಾಗಿ ಹೇಳಲ್ಲ, ಆದರೆ ಅವರೇ ಕೇಳಿದರೆ ಸುಳ್ಳು ಹೇಳಲ್ಲ’ ಅಂದರು. ಇದು ಅಧಿಕಪ್ರಸಂಗ ಅಲ್ವಾ?
– ದಾವಣಗೆರೆಯಿಂದ ಓದುಗರೊಬ್ಬರು

ಉತ್ತರ: ಅಲ್ಲ. ನಿಮ್ಮ ಪುಣ್ಯಕ್ಕೆ ಅಂಥ ಒಬ್ಬರು ಸಿಕ್ಕಿದ್ದಾರೆ.

ನಿಮ್ಮ ಪ್ರೀತಿಯ ಬಗ್ಗೆ ಅನುಮಾನ ಇಲ್ಲ. ಆದರೆ ಅಮ್ಮನಿಗೆ ಗೊತ್ತಿಲ್ಲ ಅಂತ ಹೇಗೆ ಹೇಳ್ತೀರಿ? 1973ರಿಂದ ಇರೋ ಬೆಂಗಳೂರಿನ ಕಿದ್ವಾಯಿ ಅಂದರೆ ಯಾವ ಕಾಯಿಲೆಯ ಆಸ್ಪತ್ರೆ ಅಂತ ಹಳ್ಳಿಯ ಅಜ್ಜಿಗೂ ಗೊತ್ತು. ಯಾವ ಊರಿನ ಆಸ್ಪತ್ರೆಯೇ ಆಗಲಿ, ಕೂದಲು ಉದುರಿದವರ ಸಾಲಿನಲ್ಲಿ ಕೂತು, ಮಕ್ಕಳು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬರೋದನ್ನು ನೋಡಿದವರಿಗೆ ಅಲ್ಸರ್ ಅಂತ ನಂಬಿಕೆ ಬರುತ್ತಾ? ಗ್ಲೇಸರ್ ಮತ್ತು ಸ್ಟ್ರಾಸ್ ಅನ್ನೋ ಇಬ್ಬರು ಸಮಾಜಶಾಸ್ತ್ರಜ್ಞರು 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಇದನ್ನೇ ಕಂಡಿದ್ದರು. ರೋಗಿಗೂ ಗೊತ್ತು, ಸುತ್ತ ಇದ್ದವರಿಗೂ ಗೊತ್ತು, ಆದರೆ ಇಬ್ಬರೂ ಗೊತ್ತಿಲ್ಲದ ಹಾಗೆ ನಾಟಕ ಆಡೋದು. ನಿಮ್ಮನೆಯಲ್ಲೂ ಅದೇ ನಡೀತಿರಬಹುದು, ಅಮ್ಮ ನಿಮ್ಮ ಸಲುವಾಗಿ ಸುಮ್ಮನಿರಬಹುದು. ಮನೆ ಯಾರ ಹೆಸರಿಗೆ, ಯಾರನ್ನು ನೋಡಬೇಕು ಅನ್ನಿಸುತ್ತೆ, ಐಸಿಯು ಬೇಕಾ ಬೇಡವಾ, ಇಂಥ ಮಾತೆಲ್ಲ ಆ ನಾಟಕದಲ್ಲಿ ಹಾಗೇ ಉಳಿದುಬಿಡುತ್ತೆ.

ಎಲ್ಲವನ್ನೂ ಇವತ್ತೇ ಹೇಳಿಬಿಡಿ ಅಂತ ನಾನು ಅನ್ನಲ್ಲ, ಅದು ಇನ್ನೊಂದು ಥರದ ಕ್ರೂರತನ. ಕೆಟ್ಟ ಸುದ್ದಿ ಹೇಳೋಕೆ ಡಾಕ್ಟರ್‌ಗಳಿಗೆ ಕಲಿಸೋ ಒಂದು ಕ್ರಮ ಇದೆ, 2000ದಲ್ಲಿ ಪ್ರಕಟವಾಗಿದ್ದು. ಅದರಲ್ಲಿ ಹೇಳೋದಕ್ಕಿಂತ ಮೊದಲು ಎರಡು ವಿಷಯ ಕೇಳಬೇಕು: ನಿಮಗೆ ಈಗಾಗಲೇ ಏನು ಗೊತ್ತಿದೆ, ಇನ್ನೂ ಎಷ್ಟು ತಿಳಿಯಬೇಕು ಅನ್ನಿಸುತ್ತೆ. ಡಾಕ್ಟರ್ ಜೊತೆ ಕೂತು, ಆ ಸಿಸ್ಟರನ್ನೂ ಕರೆದುಕೊಂಡು, ಅಮ್ಮನನ್ನು ಕೇಳಿ: ‘ರಿಪೋರ್ಟ್ ವಿಷಯ ನಿನಗೇ ಹೇಳಬೇಕಾ ಅಮ್ಮ, ಅಥವಾ ನಾವು ನೋಡ್ಕೊಳ್ಳೋದಾ?’ ‘ನೀವೇ ನೋಡ್ಕೊಳ್ರಪ್ಪ, ನನಗೆ ಯಾವುದೂ ಬೇಡ’ ಅಂದರೆ ಅದೂ ಅವರದೇ ತೀರ್ಮಾನ, ಸುಳ್ಳು ಹೇಳುವ ಅಗತ್ಯವೇ ಬರಲ್ಲ. ‘ನನಗೆ ಹೇಳಿ’ ಅಂದರೆ ಡಾಕ್ಟರ್ ಹೇಳಲಿ, ನೀವು ಪಕ್ಕದಲ್ಲಿರಿ. ಯಾವ ಉತ್ತರ ಬಂತು ಅನ್ನೋದನ್ನು ಆವತ್ತಿನ ಕೇಸ್ ಶೀಟ್‌ನಲ್ಲಿ ಬರೆಸಿ, ಇಲ್ಲದಿದ್ದರೆ ನೈಟ್ ಡ್ಯೂಟಿಗೆ ಬರೋ ಸಿಸ್ಟರ್‌ಗೆ ಗೊತ್ತಾಗೋದು ಹೇಗೆ?