ಡಿವೈಸ್ ಐಡಿ ಒಂದೇ ಇರುವಾಗ ಚಿಪ್ ಯಾವ ಜನರೇಷನ್ ಅಂತ ಡ್ರೈವರ್‌ಗೆ ಹೇಗೆ ಗೊತ್ತಾಗುತ್ತದೆ?

ಪ್ರಾಜೆಕ್ಟ್‌ಗೆ ಅಂತ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್‌ಗೆ ನೀವೇ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೀರಿ. ಎರಡು ಕಂಪ್ಯೂಟರ್‌ನಲ್ಲೂ ಐಡಿ 10ಇಸಿ:8168 (ಮೊದಲ ಭಾಗ ಕಂಪನಿಯದು, ಎರಡನೆಯದು ಡಿವೈಸ್‌ನದು). ಒಂದರಲ್ಲಿ ಲಿಂಕ್ ಬರುತ್ತದೆ, ಇನ್ನೊಂದರಲ್ಲಿ ಬರಲ್ಲ. ಐಡಿ ನೋಡಿ ಸೆಟ್ಟಿಂಗ್ ಹಾಕಿದರೆ ಸಾಲದಾ ಅಂತ ಕೇಳಿದ್ದೀರಿ.

ಸಾಲದು. 8168 ಅನ್ನೋ ನಂಬರ್ ಒಂದು ಚಿಪ್‌ನದ್ದಲ್ಲ. ಬಿ, ಸಿ, ಡಿ ಇಂದ ಎಚ್ ತನಕ ಎಲ್ಲ ತಲೆಮಾರಿಗೂ ರಿಯಲ್‌ಟೆಕ್ ಅದೇ ನಂಬರ್ ಕೊಟ್ಟಿದೆ. ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಗಳ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ, ಎಲ್ಲ ಬೇರೆ ಬೇರೆ ಕಾಲದಲ್ಲಿ ಅಸೆಂಬಲ್ ಮಾಡಿಸಿದವು. ಅಕ್ಕಪಕ್ಕದ ಎರಡು ಮಂಡಿಯಲ್ಲಿ ಎಲ್‌ಎಸ್‌ಪಿಸಿಐ (ಪಿಸಿಐ ಡಿವೈಸ್‌ಗಳ ಪಟ್ಟಿ ಕೊಡುವ ಕಮಾಂಡ್) ಹೊಡೆದರೆ ಎರಡರಲ್ಲೂ 8168 ಅಂತಲೇ ಬರುತ್ತದೆ, ಸಾಲಿನ ಕೊನೆಯಲ್ಲಿ ಮಾತ್ರ ಒಂದರಲ್ಲಿ ರೆವ್ (ರೆವಿಷನ್) 0ಸಿ, ಇನ್ನೊಂದರಲ್ಲಿ ರೆವ್ 15. ಮೊದಲನೆಯದು 8168ಜಿ, ಎರಡನೆಯದು 8168ಎಚ್. ಎರಡಕ್ಕೂ ಬೇಕಾದ ಫರ್ಮ್‌ವೇರ್ ಫೈಲ್ ಬೇರೆ, ಪಿಎಚ್‌ವೈ (ಕೇಬಲ್ ಜೊತೆ ಸಿಗ್ನಲ್ ನೋಡಿಕೊಳ್ಳುವ ಭಾಗ) ಶುರು ಮಾಡುವ ಕ್ರಮವೂ ಬೇರೆ. ನಿಮ್ಮ ಎರಡನೇ ಮೆಷಿನ್‌ನಲ್ಲಿ ಲಿಂಕ್ ಬರದಿರೋದಕ್ಕೆ ನಾನು ಮೊದಲು ಅನುಮಾನ ಪಡೋದು ಇದನ್ನೇ.

ರೆವಿಷನ್ ನೋಡಿದರೆ ನಮಗೆ ಅಂದಾಜು ಸಿಗುತ್ತದೆ, ಆದರೆ ಕರ್ನಲ್‌ನಲ್ಲಿರುವ ಆರ್8169 ಡ್ರೈವರ್ ಚಿಪ್ಪನ್ನೇ ಕೇಳುತ್ತದೆ. ಚಿಪ್ ಒಳಗೆ ಟಿಎಕ್ಸ್‌ಕಾನ್ಫಿಗ್ ಅಂತ ಒಂದು 32 ಬಿಟ್ ರಿಜಿಸ್ಟರ್ (ಸೆಟ್ಟಿಂಗ್ ಇಡುವ ಚಿಕ್ಕ ಜಾಗ) ಇದೆ. ಅದನ್ನು ಓದಿ, 20 ಬಿಟ್ ಬಲಕ್ಕೆ ಸರಿಸಿ, ಎಫ್‌ಸಿಎಫ್ ಅನ್ನೋ ಹೆಕ್ಸ್ ಮಾಸ್ಕ್ (ಬೇಕಾದ ಬಿಟ್ ಮಾತ್ರ ಉಳಿಸುವ ನಂಬರ್) ಜೊತೆ ಆಂಡ್ ಮಾಡಿದರೆ ಬರೋದೇ ಎಕ್ಸ್‌ಐಡಿ, ಅಂದರೆ ಚಿಪ್ ಯಾವ ತಲೆಮಾರು ಅಂತ ಹೇಳುವ ನಂಬರ್. ಸುಮ್ನೆ ಎಫ್‌ಎಫ್‌ಎಫ್ ಯಾಕಿಲ್ಲ ಅಂತ ಅನ್ನಿಸಬಹುದು, ಅಲ್ವಾ? ಅದೇ ರಿಜಿಸ್ಟರ್‌ನ 24, 25ನೇ ಬಿಟ್‌ಗಳಲ್ಲಿ ಎರಡು ಫ್ರೇಮ್‌ಗಳ ನಡುವಿನ ಅಂತರದ ಸೆಟ್ಟಿಂಗ್ ಕೂತಿದೆ. ಅದನ್ನು ಡ್ರೈವರ್ ತಾನೇ ಬರೆಯುತ್ತದೆ, ಹಾಗಾಗಿ ಅವೆರಡನ್ನೂ ಬಿಟ್ಟೇ ಗುರುತಿಸಬೇಕು. ನನಗೆ ಈ ಡ್ರೈವರ್‌ನಲ್ಲಿ ತುಂಬಾ ಹಿಡಿಸಿದ ಜಾಗ ಇದು, ಒಂದೇ ಸಾಲಿನಲ್ಲಿ ಅಷ್ಟು ಎಚ್ಚರ ಇದೆ.

ಎಕ್ಸ್‌ಐಡಿ 541 ಬಂದರೆ 8168ಎಚ್, 4ಸಿ0 ಬಂದರೆ 8168ಜಿ. ಡ್ರೈವರ್ ಒಳಗೆ ಮಾಸ್ಕ್ ಮತ್ತು ಬೆಲೆಯ ಒಂದು ಟೇಬಲ್ ಇದೆ, ಮೇಲಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ನೀವೂ ಹೀಗೇ ಮಾಡೋದಾದರೆ ನಿಖರವಾದ ಸಾಲು ಮೇಲೆ, ಸಡಿಲವಾದದ್ದು ಕೆಳಗೆ ಇರಲಿ. ಟಿಎಕ್ಸ್‌ಕಾನ್ಫಿಗ್‌ನಿಂದ ಓದಿದ್ದರಲ್ಲಿ 32 ಬಿಟ್ಟೂ 1 ಆಗಿದ್ದರೆ ಅದು ಹೊಸ ಚಿಪ್ ಅಲ್ಲ, ಪಿಸಿಐ ರೀಡ್ ಫೇಲ್ ಆಗಿದೆ ಅಂತ ಅರ್ಥ. ಅದನ್ನು ಮೊದಲೇ ಚೆಕ್ ಮಾಡಿ.

ಎನ್‌ವಿಎಂಇ, ಎಎಚ್‌ಸಿಐ ತರದ ಡಿಸ್ಕ್ ಕಂಟ್ರೋಲರ್‌ಗಳಲ್ಲಿ ವರ್ಷನ್ ರಿಜಿಸ್ಟರ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಆದರೆ ಅದು ಹೇಳೋದು ಸ್ಪೆಸಿಫಿಕೇಷನ್ ಎಷ್ಟನೆಯದು ಅಂತ ಮಾತ್ರ. ಆ ಚಿಪ್‌ನ ದೋಷ ಅದರಲ್ಲಿ ತಿಳಿಯಲ್ಲ, ಅದಕ್ಕೇ ಅಲ್ಲೂ ಐಡಿ ನೋಡಿ ಹಾಕುವ ಕ್ವಿರ್ಕ್ ಪಟ್ಟಿ (ಇಂಥ ಚಿಪ್‌ಗೆ ಇಂಥ ವಿಶೇಷ ಪರಿಹಾರ ಅನ್ನೋ ಪಟ್ಟಿ) ಬೇಕಾಗುತ್ತದೆ.

ಕೊನೆಗೆ, ಟೇಬಲ್‌ನಲ್ಲಿ ಇಲ್ಲದ ಎಕ್ಸ್‌ಐಡಿ ಬಂದರೆ ದಯವಿಟ್ಟು ಹತ್ತಿರದ ತಲೆಮಾರು ಅಂತ ಊಹೆ ಮಾಡಬೇಡಿ. ಆರ್8169 ಅಂಥಾ ಕಡೆ ಆ ನಂಬರನ್ನು ಲಾಗ್‌ಗೆ ಬರೆದು ಅಲ್ಲೇ ನಿಲ್ಲುತ್ತದೆ. ಅರ್ಧಂಬರ್ಧ ಕೆಲಸ ಮಾಡೋ ಕಾರ್ಡ್‌ಗಿಂತ ಇದು ಎಷ್ಟೋ ಮೇಲು. ಎರಡೂ ಮೆಷಿನ್‌ನಲ್ಲಿ ಒಮ್ಮೆ ಕರ್ನಲ್‌ನ ಡ್ರೈವರ್ ಲೋಡ್ ಮಾಡಿ, ಲಾಗ್‌ನಲ್ಲಿ ಎಕ್ಸ್‌ಐಡಿ ಇರುವ ಸಾಲನ್ನು ಇಲ್ಲಿ ಹಾಕಿ, ನೋಡೋಣ.